ಎರಡು ಬೆರಳು ಎತ್ತರ

ಅಬ್ದುಲ್ ಸಲಾಂ ಅವರ ಕಣ್ಣಿಗೆ ಕಂಪ್ಯೂಟರಿನ ಅಕ್ಷರ ಕಾಣದೆ ಒಂದೂವರೆ ವರ್ಷವಾಗಿತ್ತು. ಆದರೂ ದಿನಾ ಬೆಳಿಗ್ಗೆ ಹತ್ತಕ್ಕೆ ಗೋಡೆ ಸವರಿಕೊಂಡು ಬಂದು ತಮ್ಮ ಹಳೆಯ ಕುರ್ಚಿಯಲ್ಲಿ ಕುಳಿತು, ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು, "ಓದು ಬೇಟಿ" ಎನ್ನುತ್ತಿದ್ದರು. ಸುಶ್ಮಿತಾ ಓದುತ್ತಿದ್ದಳು. ಅವಳು ಓದುತ್ತಿದ್ದದ್ದು ಅವರೇ ಇಪ್ಪತ್ತೆರಡು ವರ್ಷಗಳ ಹಿಂದೆ ಬರೆದು, ಆಮೇಲೆ ವರ್ಷಕ್ಕೊಂದಿಷ್ಟು ತೇಪೆ ಹಚ್ಚುತ್ತ ಬಂದ ಪ್ರೋಗ್ರಾಮು. ಭಾಷೆ ಫಾಕ್ಸ್‌ಪ್ರೋ. ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಶಹಾಬಾದಿನಲ್ಲಿ ಅದನ್ನು ಬಲ್ಲವರಾಗಿ ಉಳಿದದ್ದು ಈ ಮುದುಕರೊಬ್ಬರು. ಅವರಿಗೂ ಈಗ ಕಿವಿಯಿಂದ ಮಾತ್ರ.

ಅವಳು ಒಂದೊಂದೇ ಸಾಲು ಓದುವಳು. ಅವರು ಕಣ್ಣು ಮುಚ್ಚಿ ಕೇಳುವರು. ಎಲ್ಲೋ ಒಂದು ಕಂಸ ಬಿಟ್ಟು ಓದಿದರೆ ಹುಬ್ಬು ಏರಿಸುವರು. ಅವಳು ಆ ಸಾಲಿನ ಕೆಲಸವನ್ನು ಪೈಥಾನ್ ಭಾಷೆಯಲ್ಲಿ ಹೊಸದಾಗಿ ಬರೆಯುವಳು. ಮೂರು ತಿಂಗಳಲ್ಲಿ ಇದು ಮುಗಿಯಬೇಕೆಂದು ಜಯಮಾಲಾ ಮೇಡಂ ಹೇಳಿದ್ದರು, ಏಕೆಂದರೆ ಹಳೆಯ ಕಂಪ್ಯೂಟರು ಈಗ ಬೆಳಿಗ್ಗೆ ಮೂರು ಸಲ ಗುಂಡಿ ಒತ್ತಿದರೆ ಒಂದು ಸಲ ಏಳುತ್ತಿತ್ತು.

ಜಯಮಾಲಾ ಮೇಡಂ ನೋಡಿಕೊಳ್ಳುತ್ತಿದ್ದ ಆ ಎರಡು ಕೋಣೆಗಳ ಮುಂದಿನ ಫಲಕದಲ್ಲಿ ಒಂದು ಟ್ರಸ್ಟಿನ ಉದ್ದನೆಯ ಹೆಸರಿತ್ತು. ಜನ ಅದನ್ನು ಧೂಳಿನ ದವಾಖಾನೆ ಅನ್ನುತ್ತಿದ್ದರು. ಸುತ್ತಲೂ ಫರ್ಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಶೆಡ್ಡುಗಳು. ಅಲ್ಲಿಂದ ಬರುವವರ ರೆಪ್ಪೆಗಳು ಬೆಳ್ಳಗಿರುತ್ತಿದ್ದವು. ವರ್ಷಕ್ಕೆ ಎರಡು ಸಲ ಪ್ರತಿಯೊಬ್ಬನೂ ಬಂದು ಒಂದು ಕೊಳವೆಯೊಳಗೆ ಜೋರಾಗಿ ಊದಬೇಕು. ನರ್ಸ್ ಶಿವಕಾಂತಮ್ಮ ಅವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ಊದಿದ್ದರ ಅಂಕಿ ಬರೆದುಕೊಳ್ಳುವಳು. ಅಷ್ಟು ವಯಸ್ಸಿನ, ಅಷ್ಟು ಎತ್ತರದ ಮನುಷ್ಯ ಎಷ್ಟು ಊದಬೇಕಿತ್ತು, ಎಷ್ಟು ಊದಿದ ಎಂದು ಪ್ರೋಗ್ರಾಮು ಲೆಕ್ಕ ಹಾಕಿ, ತೀರ ಕೆಟ್ಟವರನ್ನು ಮೇಲಿಟ್ಟು ಒಂದು ಯಾದಿ ಕೊಡುತ್ತಿತ್ತು. ವರ್ಷಕ್ಕೊಮ್ಮೆ ಕಲಬುರಗಿಯಿಂದ ವ್ಯಾನು ಬರುತ್ತದೆ, ಎರಡು ಸುತ್ತಿನಲ್ಲಿ ನಲವತ್ತು ಜನರನ್ನು ಒಯ್ಯುತ್ತದೆ. ಎದೆಯ ಫೋಟೋ ತೆಗೆದು, ದೊಡ್ಡ ಡಾಕ್ಟರು ನೋಡಿ, ಇವನನ್ನು ಮಷೀನಿನ ಮುಂದೆ ನಿಲ್ಲಿಸಬಾರದು ಎಂದು ಚೀಟಿ ಬರೆದರೆ ಮಾಲಕ ಅವನಿಗೆ ಬೇರೆ ಕೆಲಸ ಕೊಡಲೇಬೇಕು. ಚೀಟಿ ಇಲ್ಲದವನು ಮಷೀನಿನ ಮುಂದೆ ನಿಂತೇ ಇರುತ್ತಾನೆ, ನಿಲ್ಲುವಷ್ಟು ದಿನ. ನಲವತ್ತೊಂದನೆಯವನಿಗೆ ಮುಂದಿನ ವರ್ಷ.

ಸುಶ್ಮಿತಾ ಚಿತ್ತಾಪುರದವಳು. ಪ್ಯಾಸೆಂಜರ್ ಹತ್ತಿ ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಬರುತ್ತಿದ್ದಳು. ಇಂಥ ಯಾದಿಯನ್ನು ತನ್ನ ಕೈ ತಯಾರಿಸುತ್ತದೆ ಎನ್ನುವುದರಿಂದ ಮೊದಲ ವಾರ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಕೆಲಸ ಸಲೀಸಾಗಿ ಸಾಗಿದ್ದೂ ಅದಕ್ಕೆ ಕಾರಣ.

ಒಂದು ದಿನ ಓದು ನಿಲ್ಲಿಸಿ ಚಹಾ ಕುಡಿಯುವಾಗ ಸಲಾಂ ಅವರು ಕೇಳಿದರು. "ಬ್ಯಾಸರ ಮಾಡ್ಕೋಬ್ಯಾಡ ಬೇಟಿ, ಒಂದು ಕೇಳ್ತೀನಿ. ನಿಮ್ಮ ಪೈಥಾನದಾಗ ಅಂಥಾದ್ದೇನದ? ಜಗತ್ತೆಲ್ಲಾ ಅದರ ಹಿಂದೇ ಓಡ್ಲಿಕತ್ತದಂತ."

ಕಾಲೇಜಿನಲ್ಲಿ ಇದೇ ಪ್ರಶ್ನೆಗೆ ಅವಳು ಹತ್ತು ಅಂಕದ ಉತ್ತರ ಬರೆದಿದ್ದಳು. ಓದಲು ಸುಲಭ, ಬಿಟ್ಟಿ ಸಿಗುತ್ತದೆ, ಎಲ್ಲ ಯಂತ್ರದಲ್ಲೂ ನಡೆಯುತ್ತದೆ. ಆ ಮುಖದ ಎದುರು ಅದನ್ನು ಒಪ್ಪಿಸಲು ನಾಚಿಕೆಯಾಯಿತು.

"ಅದೇ ಎಲ್ಲಕ್ಕಿಂತ ಚಲೋ ಅದ ಅಂತಲ್ಲ ಚಾಚಾ. ಸಿಕ್ಕೊಂಡ್ರ ಕೇಳ್ಲಿಕ್ಕ ಮಂದಿ ಇದ್ದಾರ. ನಾ ಎಲ್ಲಿ ಸಿಕ್ಕೋತೀನಿ, ನನಕಿಂತ ಮೊದಲು ಅಲ್ಲಿ ಸಾವಿರ ಮಂದಿ ಸಿಕ್ಕೊಂಡು ಎದ್ದು ಹೋಗ್ಯಾರ. ಉತ್ತರ ಬರದಿಟ್ಟಾರ."

ಅವರು ಕಪ್ಪನ್ನು ಕೈಯಲ್ಲೇ ತಿರುಗಿಸಿದರು. ಆಮೇಲೆ ತಮ್ಮದನ್ನು ಹೇಳಿದರು. ತೊಂಬತ್ಮೂರನೇ ಇಸವಿಯಲ್ಲಿ ಹೈದರಾಬಾದಿನಿಂದ ಒಬ್ಬ ಮನುಷ್ಯ ನಾಲ್ಕು ಫ್ಲಾಪಿ, ಒಂದು ದಪ್ಪ ಪುಸ್ತಕ ತಂದು ಇಲ್ಲಿನ ಲಾಡ್ಜಿನಲ್ಲಿ ಹದಿನೈದು ದಿನ ಉಳಿದಿದ್ದನಂತೆ. ಕಲ್ಲಿನ ವ್ಯಾಪಾರಿಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಇವರು ಅವನಿಂದ ಕಲಿತರು. ಇವರಿಂದ ಸೇಡಂನ ತೊಗರಿಬೇಳೆ ಮಿಲ್ಲಿನ ಇಬ್ಬರು ಕಲಿತರು, ಚಿಂಚೋಳಿಯವ ಒಬ್ಬ, ವಾಡಿಯವ ಒಬ್ಬ. ಆ ಮನುಷ್ಯ ಬೇರೆ ಭಾಷೆ ತಂದಿದ್ದರೆ ಇವರೆಲ್ಲ ಅದನ್ನೇ ಕಲಿಯುತ್ತಿದ್ದರು. ಒಬ್ಬ ಸಿಕ್ಕಿಕೊಂಡರೆ ಇನ್ನೊಬ್ಬ ಸ್ಕೂಟರ್ ಹತ್ತಿ ಬರುವನು. ಚಿಂಚೋಳಿಯವ ಕಿರಾಣಿ ಅಂಗಡಿ ಹಾಕಿದ. ವಾಡಿಯವ ಪುಣೆಗೆ ಮಗಳ ಮನೆಗೆ ಹೋದ. ಸೇಡಂನವರಲ್ಲಿ ಕೊನೆಯವ ತೀರಿಕೊಂಡದ್ದು ಹತ್ತು ವರ್ಷದ ಹಿಂದೆ.

"ಕಂಪನಿ ಬಿಟ್ಟಾಗ ಅದು ಸಾಯ್ಲಿಲ್ಲ ಬೇಟಿ. ಅವನ ಮಣ್ಣು ಮುಗಿಸ್ಕೊಂಡು ಬಸ್ಸಿನಾಗ ಬರಾಗ ನಂಗ ಅನಿಸ್ತು, ಇನ್ನ ಸಿಕ್ಕೊಂಡ್ರ ಯಾರಿಗಿ ಕೇಳ್ಲಿ ಅಂತ. ಅವತ್ತು ಸತ್ತಿತು." ಕಪ್ಪನ್ನು ಕೆಳಗಿಟ್ಟು ಮತ್ತೆ ಹೇಳಿದರು. "ಶೆಡ್ಡಿನಾಗ ನೋಡು. ಆಡಕಿ ಊರಾಂವ ಕನ್ನಡದಾಂವ, ತಾಂಡೂರಿನಾಂವ ತೆಲುಗು, ಸೊಲ್ಲಾಪುರದಾಂವ ಮರಾಠಿ. ಮಷೀನ್ ಮುಂದ ಎಲ್ಲಾರದೂ ಹಿಂದಿ. ಅದೇನು ಅವರ ಅವ್ವನ ಮಾತಾ? ಅಲ್ಲ. ಕಲ್ಲು ಜಾರಿ ಕಾಲ ಮ್ಯಾಲ ಬೀಳಾಗ 'ಹಟ್' ಅಂದ್ರ ಎಲ್ಲಾರೂ ಸರೀತಾರ. ಅಷ್ಟೇ ಅದರ ದೊಡ್ಡಸ್ತಿಕಿ."

"ಅಷ್ಟು ಸಾಕಲ್ಲ ಚಾಚಾ."

"ಸಾಕು. ಕಾಲು ಉಳೀತದಲ್ಲ."

ಆ ವಾರವೇ ಅವಳಿಗೆ ಆ ಸಾಲು ಸಿಕ್ಕಿತ್ತು. ಹಿಂದಿನ ಸಲದ ಎತ್ತರಕ್ಕೂ ಈ ಸಲದ ಎತ್ತರಕ್ಕೂ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಹೊಸ ಕಡತ ತೆರೆ, ವಯಸ್ಸು ಹೊಸದಾಗಿ ಕೇಳು. ಹಾಗಿತ್ತು ಅದರ ಆಜ್ಞೆ. ಏಕೆ ಎನ್ನುವುದಕ್ಕೆ ಒಂದು ಅಕ್ಷರದ ವಿವರಣೆ ಇರಲಿಲ್ಲ. ಅದರಿಂದಾಗಿ ಇನ್ನೂರ ಹದಿನಾಲ್ಕು ಹೆಸರಿಗೆ ಇನ್ನೂರ ಎಪ್ಪತ್ತೈದು ಕಡತಗಳು ಹುಟ್ಟಿದ್ದವು. ಒಂದೇ ಹೆಸರು, ಶೆಡ್ಡಿನಲ್ಲಿ ಕೊಟ್ಟ ಕೆಲಸದ ಕಾರ್ಡಿನ ಒಂದೇ ನಂಬರು, ಮುಂದೆ ಗೀಟು ಎಳೆದು ಒಂದು, ಎರಡು. ನಲವತ್ತರ ಗಂಡಸು ಬೆಳೆಯುವುದುಂಟೆ? ಶಿವಕಾಂತಮ್ಮ ಎಂದೋ ಟೇಪು ಓರೆ ಹಿಡಿದಿರಬೇಕು, ಚಾಚಾ ಅದನ್ನು ಸರಿಪಡಿಸಹೋಗಿ ಇನ್ನಷ್ಟು ಕೆಡಿಸಿರಬೇಕು ಎಂದುಕೊಂಡಳು. ಅಂತರ್ಜಾಲದಲ್ಲಿ ಕೇಳಿದಳು, ವಯಸ್ಕರ ಎತ್ತರ ದಾಖಲೆಯಲ್ಲಿ ಹೆಚ್ಚುಕಡಿಮೆಯಾದರೆ ಏನು ಮಾಡಬೇಕು ಎಂದು. ಯಾರೋ ಎಷ್ಟೋ ವರ್ಷದ ಹಿಂದೆ ಇದನ್ನೇ ಕೇಳಿದ್ದರು. ಮತ್ತಾರೋ ಹೇಳಿದ್ದರು: ಕಡತಗಳನ್ನು ಕೂಡಿಸು, ಮೊದಲ ಕಡತದ ವಯಸ್ಸನ್ನೇ ಇಟ್ಟುಕೋ, ನಡುವಿನ ಎತ್ತರವನ್ನು ಹಿಡಿ, ಬೇರೆ ಅಂಕಿಗಳು ಒಮ್ಮೆಲೇ ಏರಿಳಿದಿದ್ದರೆ ಸರಾಸರಿಯಿಂದ ಸಮ ಮಾಡು. ಸಾವಿರಾರು ಜನ ಆ ಉತ್ತರವನ್ನು ಮೆಚ್ಚಿದ್ದರು. ಮೂರು ಸಾಲಿನ ಕೆಲಸ, ಎಲ್ಲ ಮೊದಲೇ ತಯಾರಿತ್ತು. ಅವಳು ಹಾಗೇ ಮಾಡಿದಳು.

ಆ ಹಳೆಯ ಸಾಲನ್ನು ಅವಳು ಓದಲೇ ಇಲ್ಲ. ಕಣ್ಣಿಲ್ಲದ ಮನುಷ್ಯನಿಗೆ ಅವನ ತಪ್ಪನ್ನು ಅವನ ಎದುರೇ ಓದಿ ಹೇಳುವುದು ಬೇಡವೆನಿಸಿತು. ಎರಡು ದಿನ ಬಿಟ್ಟು ಅವರೇ ಕೇಳಿದರು, ಎತ್ತರದ ಸಾಲು ಹೊಸದರೊಳಗೆ ಬಂತಾ ಎಂದು. "ಬಂತು ಚಾಚಾ" ಎಂದಳು. ಅವರು ತಲೆಯಾಡಿಸಿದರು. ಮರ್ಯಾದೆ ಉಳಿಸಿದೆನೆಂದು ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

ವ್ಯಾನು ಗುರುವಾರ ಬರುವುದಿತ್ತು. ಮಂಗಳವಾರ ಬೆಳಿಗ್ಗೆ ಹೊಸ ಪ್ರೋಗ್ರಾಮು ಮೊದಲ ಸಲ ಯಾದಿ ಕೊಟ್ಟಿತು. ಹಳೆಯದು ಒಂದು ತಾಸು ತೆಗೆದುಕೊಳ್ಳುತ್ತಿದ್ದ ಕೆಲಸ, ಇದು ಎರಡು ಸೆಕೆಂಡಿನಲ್ಲಿ ಮುಗಿಸಿತು. ಪ್ರತಿಯೊಬ್ಬನ ಉಸಿರಿಗೂ ಒಂದೊಂದು ಬಣ್ಣದ ಗೆರೆ. ಜಯಮಾಲಾ ಮೇಡಂ ನೋಡಿ, ಇಷ್ಟು ಚೆಂದ ಇರುತ್ತದೆ ಎಂದುಕೊಂಡಿರಲಿಲ್ಲ ಎಂದರು. ನಲವತ್ತು ಹೆಸರು ಬಾಗಿಲಿಗೆ ಅಂಟಿದವು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಶೆಡ್ಡುಗಳಿಂದ ಬಂದವರು ಓದಿಸಿಕೊಂಡು ಹೋದರು.

ಎರಡು ಗಂಟೆಗೆ ರಮಾಬಾಯಿ ಎಂಬ ಹೆಂಗಸು ಬಂದು ಮೇಜಿನ ಮುಂದೆ ನಿಂತಳು. ತನ್ನ ಗಂಡನ ಹೆಸರಿಲ್ಲ ಎಂದಳು. ಯಾರೆಂದು ಸುಶ್ಮಿತಾ ಕೇಳಿದಳು. ರಮಾಬಾಯಿ ಗಂಡನ ಹೆಸರು ಹೇಳದೆ ಕಾರ್ಡು ಮುಂದಿಟ್ಟಳು. ನೂರ ಹನ್ನೆರಡು, ಅಮೃತಪ್ಪ. ಸುಶ್ಮಿತಾ ಗೆರೆ ತೆರೆದಳು. ಐವತ್ಮೂರು ವಯಸ್ಸು. ಗೆರೆ ಇಪ್ಪತ್ತು ವರ್ಷದಿಂದ ಸಪಾಟಾಗಿ ಬಂದಿತ್ತು, ಕೊನೆಗೆ ತುಸು ಬಾಗಿತ್ತು, ಅಷ್ಟೇ. ಆ ವಯಸ್ಸಿಗೆ ಇದು ಅಂಥ ಕೆಟ್ಟ ಉಸಿರಲ್ಲ. ಹೆಂಗಸಿಗೆ ಧೈರ್ಯ ಬರಲೆಂದು ಪರದೆಯನ್ನು ಅವಳ ಕಡೆಗೆ ತಿರುಗಿಸಿದಳು.

ರಮಾಬಾಯಿ ಬಗ್ಗಿ ನೋಡಿದಳು. "ಇದು ಮಕ್ಕೊಂಡದ ನೋಡ್ರಿ," ಎಂದಳು. "ನಮ್ಮ ಮನಿಯಾವ್ರು ಮಕ್ಕೊಳ್ಳದೇ ಎರಡು ತಿಂಗಳಾತು. ದಿಂಬಿಗಿ ಆನಿಕೊಂಡು ಕುಂತೇ ಬೆಳಗ ಮಾಡ್ತಾರ. ಕೆಳಗ ಮಕ್ಕೊಂಡ್ರ ದಮ್ಮು ಹತ್ತತದ."

ಅವರನ್ನು ಕರೆಯಿರಿ ಎಂದಳು ಸುಶ್ಮಿತಾ. ಹೊರಗೆ ಕಲ್ಲಿನ ಒಟ್ಟಿಲ ಮೇಲೆ ಕುಳಿತಿದ್ದವನು ಎದ್ದು ಬಂದ. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತ. ಬಾಗಿಲಲ್ಲಿ ತಲೆ ಬಗ್ಗಿಸಬೇಕಾಯಿತು, ಅಷ್ಟು ಉದ್ದ. ರೆಪ್ಪೆ ಬೆಳ್ಳಗಿದ್ದವು, ಮೀಸೆ ಮಾತ್ರ ಕಪ್ಪಗೆ, ಎಳೆಯದಾಗಿ. ಮೂವತ್ತಕ್ಕಿಂತ ಬಹಳ ಆಗಿರಲಿಕ್ಕಿಲ್ಲ.

"ನಿಮಗ ವಯಸ್ಸೆಷ್ಟ್ರಿ?"

ಅವನು ಹೆಂಡತಿಯ ಕಡೆ ನೋಡಿದ. ಕೆಮ್ಮು ನುಂಗಿ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ, "ಐವತ್ಮೂರು" ಎಂದ.

ಯಾರೂ ನಗಲಿಲ್ಲ. ಬಾಗಿಲ ಬದಿ ಟೇಪು ಸುತ್ತುತ್ತಿದ್ದ ಶಿವಕಾಂತಮ್ಮ ಮೆಲ್ಲಗೆ ಹೇಳಿದಳು. "ಐವತ್ಮೂರು ಕಾರ್ಡಿಗಿ ಯವ್ವಾ. ಅಂವಗಲ್ಲ."

ಅವರನ್ನು ಹೊರಗೆ ಕೂಡ್ರಿಸಿ ಬಂದು ಶಿವಕಾಂತಮ್ಮ ಎಲ್ಲ ಬಿಡಿಸಿ ಹೇಳಿದಳು. ಶೆಡ್ಡುಗಳಲ್ಲಿ ಕಾರ್ಡು ಮನುಷ್ಯನದಲ್ಲ, ಮನೆಯದು. ಅಣ್ಣನಿಗೆ ದಮ್ಮು ಕಟ್ಟಿ ಕೂತಾಗ ತಮ್ಮ ಅದೇ ಕಾರ್ಡು ಹಿಡಿದು ಅದೇ ಮಷೀನಿನ ಮುಂದೆ ನಿಲ್ಲುತ್ತಾನೆ. ಹೊಸ ಕಾರ್ಡು ಮಾಡಿಸಲು ಹೋದರೆ ಕಲ್ಲು ಹೊರುವುದರಿಂದ ಮತ್ತೆ ಶುರು, ಇರಲು ಕೊಟ್ಟ ಖೋಲಿಯೂ ಹೋಗುತ್ತದೆ. ಹೆಸರು ಹಾಗೇ ಉಳಿಯುತ್ತದೆ. ಮೇಸ್ತ್ರಿಗೆ ಗೊತ್ತು, ಪಕ್ಕದವನಿಗೆ ಗೊತ್ತು, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಹೇಳಿದರೆ ಮಾಲಕನ ಆಫೀಸು ಕಾಗದ ತೆಗೆದು ಕಾರ್ಡು ರದ್ದು ಮಾಡಬೇಕಾಗುತ್ತದೆ. ಖರೇ ಅಮೃತಪ್ಪ ತೀರಿಕೊಂಡು ಏಳು ವರ್ಷ. ಇವನು ಅವನ ಕೊನೆಯ ತಮ್ಮ, ಭೀಮು.

ಸುಶ್ಮಿತಾಳಿಗೆ ಗೆರೆ ಈಗ ಬೇರೆಯಾಗಿ ಕಂಡಿತು. ಅಣ್ಣನ ಉಸಿರು ಇಳಿಯುತ್ತ ಹೋಗಿ ತಳ ಮುಟ್ಟಿದ್ದು. ತಮ್ಮನ ಹರೆಯದ ಉಸಿರು ಒಮ್ಮೆಲೇ ಮೇಲೆದ್ದದ್ದು. ಅದೂ ಇಳಿಯುತ್ತ ಬಂದದ್ದು. ಆ ಎರಡು ಇಳಿಜಾರನ್ನೂ ಅವಳು ಸರಾಸರಿ ಹಾಕಿ ಸಪಾಟು ಮಾಡಿದ್ದಳು. ಮೂವತ್ತೊಂದು ವರ್ಷದವನು ಐವತ್ಮೂರರ ಮುದುಕನಷ್ಟು ಊದಿದರೆ ಅವಳ ಪ್ರೋಗ್ರಾಮು ಪರವಾಗಿಲ್ಲ ಎಂದಿತ್ತು. ಅಣ್ಣ ತಮ್ಮಂದಿರಿಗೆ ಎತ್ತರದಲ್ಲಿದ್ದ ಅಂತರವೊಂದೇ ಅವರನ್ನು ಬೇರೆ ಮಾಡುತ್ತಿತ್ತು. ಅದನ್ನು ಅವಳು ಟೇಪಿನ ತಪ್ಪೆಂದಿದ್ದಳು.

"ನೀವರೆ ಯಾಕ ನಂಗ ಹೇಳ್ಲಿಲ್ರಿ?"

"ಚಾಚಾನ ಮಷೀನಿಗಿ ಗೊತ್ತಿತ್ತಲ್ಲ," ಎಂದಳು ಶಿವಕಾಂತಮ್ಮ. "ನಿಂದಕ್ಕೂ ಗೊತ್ತದ ಅಂದ್ಕೊಂಡೆ. ನಿಂದು ಭಾಳ ಶಾಣ್ಯಾ ಅದ ಅಂದ್ರು ಎಲ್ಲಾರೂ."

ಸಲಾಂ ಅವರು ಪಕ್ಕದ ಕೋಣೆಯಲ್ಲಿದ್ದರು. ನಮಾಜು ಮುಗಿಸಿ ಕುರ್ಚಿಗೆ ಮರಳಿದ್ದರು. ಸುಶ್ಮಿತಾ ಹೋಗಿ ನೆಲದ ಮೇಲೆ ಕುಳಿತಳು. ಸಾಲು ಬಂತೆಂದು ಹೇಳಿದ್ದು ಸುಳ್ಳು, ಅದನ್ನು ತಾನು ತೆಗೆದುಹಾಕಿದೆ, ಏಕೆ ತೆಗೆದೆ, ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಮೊಣಕಾಲ ಮೇಲಿನ ಟೋಪಿಯನ್ನು ಎರಡು ಸಲ ಮಡಿಚಿ ಬಿಚ್ಚಿದರು.

"ಎರಡು ಬೆರಳು ಹಿಡಿದು ನೋಡಿದ್ದೆ," ಎಂದರು. "ಟೇಪು ತಪ್ಪಿದ್ರ ಒಂದು ಬೆರಳು ತಪ್ಪತದ. ಎರಡು ಬೆರಳಿಗಿ ಮಿಕ್ಕಿತಂದ್ರ ಮನುಷ್ಯಾನೇ ಬ್ಯಾರೆ."

"ಅದನ್ನ ಪಕ್ಕದಾಗ ಒಂದು ಮಾತು ಬರದಿಡಬಾರದಿತ್ತಾ ಚಾಚಾ?"

"ಬರದ್ರ ಓದ್ತಾರ ಬೇಟಿ."

ಎರಡು ಸಲ ಮಾಲಕರ ಸಂಘದವರು ಕಂಪ್ಯೂಟರು ಬಲ್ಲವರನ್ನು ಕರಕೊಂಡು ಬಂದು ಇಲ್ಲಿ ಏನೇನು ದಾಖಲಾಗುತ್ತದೆ ಎಂದು ನೋಡಿ ಹೋಗಿದ್ದರಂತೆ. ಒಬ್ಬರಿಗೂ ಓದಲು ಬಂದಿರಲಿಲ್ಲ.

"ನಂದು ಯಾರಿಗೂ ಬರಂಗಿಲ್ಲ, ಅದಕ್ಕ ಆ ಮಾತು ಅಲ್ಲಿ ಬಚಾವಾಗಿ ಕುಂತಿತ್ತು. ನಿಂದು ಎಲ್ಲಾರಿಗೂ ಬರ್ತದ. ಏನ್ ಮಾಡ್ತಿ ನೋಡು. ಮೊದಲು ಆ ಹುಡುಗನ ಹೆಸರು ಯಾದಿಗಿ ಹಾಕು."

ಆ ಒಂದು ಹೆಸರು ಹಾಕುವುದು ಸುಲಭವಿತ್ತು. ಆದರೆ ಕಾರ್ಡು ಹಿಡಿದು ಬಂದು ಕೇಳದಿದ್ದವರ ಅರವತ್ತು ಕಡತಗಳು ಇನ್ನೂ ಇದ್ದವು. ಬುಧವಾರ ಬೆಳಿಗ್ಗೆ ಅವಳು ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಏಳಲಿಲ್ಲ. ಎರಡನೆಯ ಸಲವೂ ಏಳಲಿಲ್ಲ. ಸಲಾಂ ಅವರು ಎದ್ದು ಬಂದು ಪೆಟ್ಟಿಗೆಯ ಬದಿಯನ್ನು ಅಂಗೈಯಿಂದ ತಡಕಾಡಿ, ಒಂದು ಜಾಗದಲ್ಲಿ ಒತ್ತಿ ಹಿಡಿದು, ಈಗ ಒತ್ತು ಎಂದರು. ಫ್ಯಾನು ಗರಗರ ಎಂದಿತು. ಅವಳು ಕೂಡಿಸಿದ್ದ ಕಡತಗಳು ಅದರ ಹೊಟ್ಟೆಯಲ್ಲಿ ಬೇರೆ ಬೇರೆಯಾಗಿಯೇ ಇದ್ದವು, ಖರೇ ವಯಸ್ಸಿನ ಸಮೇತ. ಅವು ಹೊಸ ಯಂತ್ರಕ್ಕೆ ಬರುವವರೆಗೆ ಅವರು ಅಂಗೈ ತೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಆ ಸಾಲನ್ನು ಪೈಥಾನಿನಲ್ಲಿ ಬರೆದಿದ್ದಳು. ಇದಕ್ಕೆ ಮಾತ್ರ ಯಾರೂ ಎಲ್ಲಿಯೂ ಉತ್ತರ ಬರೆದಿಟ್ಟಿರಲಿಲ್ಲ. ಬರೆದ ಮೇಲೆ ಅದರ ಮುಂದೆ ಕುಳಿತೇ ಇದ್ದಳು. ಏಕೆಂದು ವಿವರಿಸಿದರೆ ನಾಳೆ ಮಾಲಕರ ಕಡೆಯ ಯಾವನೋ ಐದೇ ನಿಮಿಷದಲ್ಲಿ ಓದುತ್ತಾನೆ, ಅರವತ್ತೊಂದು ಮನೆಯ ಕಾರ್ಡು ಹೋಗುತ್ತದೆ. ಏನೂ ಬರೆಯದಿದ್ದರೆ ನಾಳೆ ತನ್ನಂಥವಳೇ ಒಬ್ಬಳು ಬಂದು, ಗಂಡಸರು ಬೆಳೆಯುವುದುಂಟೆ ಎಂದು ನಕ್ಕು ತೆಗೆದುಹಾಕುತ್ತಾಳೆ. ಕೊನೆಗೆ ಸಾಲಿನ ಮೇಲೆ ಕನ್ನಡದಲ್ಲಿ ಬರೆದಳು: ಇದನ್ನು ತೆಗೆಯುವ ಮುಂಚೆ ಶಿವಕಾಂತಮ್ಮನವರನ್ನು ಕೇಳಿ.

ಸಲಾಂ ಅವರಿಗೆ ಓದಿ ಹೇಳಿದಳು. ಅವರು ಕೇಳಿಸಿಕೊಂಡು, "ಆಕಿ ಇಲ್ದಾಗ?" ಎಂದರು.

ಅವಳು ಇನ್ನೊಂದು ಸಾಲು ಸೇರಿಸಿದಳು. ಅವರಿಲ್ಲದಿದ್ದರೆ, ಅವರ ಜಾಗದಲ್ಲಿ ನಿಂತು ಎತ್ತರ ಅಳೆಯುವವರನ್ನು ಕೇಳಿ.

"ನಾ ಹೋದ ಮ್ಯಾಲೂ ಇದನ್ನ ಓದೋರು ಇರ್ತಾರ?"

"ಇರ್ತಾರ ಚಾಚಾ. ಭಾಳ ಮಂದಿ ಇರ್ತಾರ."

"ಹಂಗಾದ್ರ ಆ ಫ್ಯಾನು ಬಂದ್ ಮಾಡು," ಎಂದರು. "ಕಿವಿ ನೋಯ್ಲಿಕತ್ತದ."

ಅವಳು ಹಳೆಯ ಕಂಪ್ಯೂಟರನ್ನು ಆರಿಸಿದಳು. ಅದು ಮತ್ತೆ ಏಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಅದು ತಣ್ಣಗಾಗುವವರೆಗೂ ಅಲ್ಲೇ ನಿಂತಿದ್ದರು.

ಹೊಸ ಯಾದಿ ಸಂಜೆ ನಾಲ್ಕಕ್ಕೆ ಬಾಗಿಲಿಗೆ ಬಿತ್ತು. ಒಂಬತ್ತು ಜನ ಒಳಗೆ ಬಂದಿದ್ದರು, ಒಂಬತ್ತು ಜನ ಹೊರಗೆ ಹೋಗಿದ್ದರು. ಹೋದವರಲ್ಲಿ ಭಾಗಣ್ಣ ಒಬ್ಬ. ಮಂಗಳವಾರ ತನ್ನ ಹೆಸರು ಕೇಳಿ ಮಗಳಿಗೆ ಫೋನು ಮಾಡಿ, ಬಿಳಿ ಅಂಗಿ ಒಗೆಸಿಟ್ಟಿದ್ದವನು. ಅವನು ಕಿಟಕಿಯ ಸರಳು ಹಿಡಿದು ಸುಶ್ಮಿತಾಳನ್ನೇ ನೋಡುತ್ತ ನಿಂತ.

"ನಿನ್ನಿ ನಿಮ್ಮ ಮಷೀನು ನಂಗ ಸಾಯ್ತಿ ಅಂತು. ಇವತ್ತು ಬದುಕ್ತಿ ಅನ್ಲಿಕತ್ತದ. ನಾಳೆ ಏನಂತದ ಕೇಳಿ ಹೇಳವ್ವಾ, ಅಂಗಿ ಇಸ್ತ್ರಿ ಮಾಡಸ್ಲೋ ಬ್ಯಾಡೋ?"

ಅದು ಮಷೀನಿನ ತಪ್ಪಲ್ಲ, ತನ್ನದು ಎಂದು ಅವಳು ಹೇಳಿದಳು. ಭಾಗಣ್ಣ ತನ್ನ ಜಾಗಕ್ಕೆ ಯಾರು ಬಂದರೆಂದು ಕೇಳಿದ. ನೂರ ಹನ್ನೆರಡು ಎಂದಳು.

"ಅಮೃತಪ್ಪನ ಭೀಮುನಾ?" ಎಂದ, ದನಿ ತಗ್ಗಿಸಿ. ಸರಳು ಬಿಟ್ಟ. "ಹೋಗ್ಲಿ ಬಿಡು. ಅವನ ದಮ್ಮು ನಮ್ಮ ಖೋಲಿಗಿ ಕೇಳ್ತದ."

ಗುರುವಾರ ಏಳು ಗಂಟೆಗೇ ವ್ಯಾನು ಬಂದು ನಿಂತಿತು. ಜಯಮಾಲಾ ಮೇಡಂ ಯಾದಿ ಹಿಡಿದು ಹೆಸರು ಕರೆದರು. ಕರೆಸಿಕೊಂಡವರು ಒಬ್ಬೊಬ್ಬರಾಗಿ ಎದ್ದು, ಅಂಗಿ ಜಾಡಿಸಿಕೊಂಡು ಹತ್ತಿದರು. ಸಲಾಂ ಅವರು ಹೊರಗೆ ಕುರ್ಚಿ ಹಾಕಿಸಿಕೊಂಡು, ಟೋಪಿ ತೊಟ್ಟು, ಹೆಸರುಗಳನ್ನು ಕೇಳುತ್ತ ಕುಳಿತಿದ್ದರು. ಸುಶ್ಮಿತಾ ಅವರ ಬದಿಗೆ ನಿಂತಿದ್ದಳು. ಭಾಗಣ್ಣನೂ ಬಂದಿದ್ದ, ಬಿಳಿ ಅಂಗಿ ಹಾಕಿಕೊಂಡೇ. ಯಾರಾದರೂ ಬರದೆ ಹೋದರೆ ನೋಡೋಣ ಎಂದು ಗೋಡೆಗೆ ಆನಿಕೊಂಡಿದ್ದ. ಎಲ್ಲರೂ ಬಂದಿದ್ದರು.

"ಅಮೃತಪ್ಪ," ಎಂದರು ಮೇಡಂ.

ಭೀಮು ಎದ್ದ. ರಮಾಬಾಯಿ ಅವನ ಬೆನ್ನಿಗೆ ಕೈಕೊಟ್ಟು ವ್ಯಾನಿನವರೆಗೆ ನಡೆಸಿದಳು. ಮೆಟ್ಟಿಲ ಮೇಲೆ ಅವನು ಒಂದು ಗಳಿಗೆ ನಿಂತು ಉಸಿರು ಎಳೆದುಕೊಂಡ. ಆ ಸದ್ದು ಕುರ್ಚಿಯವರೆಗೂ ಬಂತು. ಬಾಗಿಲು ಗಿಡ್ಡದು, ಅವನು ತಲೆ ಬಹಳ ತಗ್ಗಿಸಿ ಒಳಗೆ ಹೋದ.

ಸಲಾಂ ಅವರು ಮುಖ ಆ ಕಡೆಗೆ ತಿರುಗಿಸಿದರು. "ಯಾರು ಹತ್ತಿದ್ರು ಬೇಟಿ?"

"ಅಮೃತಪ್ಪ, ಚಾಚಾ."

"ಎಷ್ಟನೇ ಅಮೃತಪ್ಪ?"

"ಎರಡನೇದಾಂವ," ಎಂದಳು ಸುಶ್ಮಿತಾ.